ಕೂಸು ದೊಡ್ಡದಾಗಲಿ ಎಂದು ಕಾಯುವ ಸೂಜಿ ಇದಲ್ಲ

ತಂಗಿ ಬಾಣಂತನಕ್ಕೆ ಮಂಡ್ಯದ ನಮ್ಮ ತವರಿಗೆ ಬಂದಿದ್ದಳು. ಮಗುವಿಗೆ ಒಂದೂವರೆ ತಿಂಗಳು ತುಂಬಿದ ವಾರ ನಾನೂ ಮೈಸೂರಿನಿಂದ ಹೋಗಿದ್ದೆ. ಬುಧವಾರ ಸಂಜೆ ಆಶಾ ಕಾರ್ಯಕರ್ತೆ ಬಂದರು. "ನಾಳೆ ಗುರುವಾರ, ತಾಯಿ ಕಾರ್ಡ್ ತಗೊಂಡು ಬನ್ನಿ. ಮೂರು ಸೂಜಿ, ಎರಡು ಥರದ ಹನಿ" ಎಂದು ಹೇಳಿ ಹೋದರು. ಅವರು ಗೇಟು ದಾಟುವುದೇ ತಡ, ಅಜ್ಜಿ ಶುರು ಮಾಡಿದರು.

"ಇಷ್ಟುದ್ದ ಕೂಸ್ಗೆ ಮೂರ್ ಸೂಜಿನಾ? ಒಸಿ ದಪ್ಪಾಗ್ಲಿ ತಡೀರವ್ವ. ಸೂಜಿ ಎಲ್ಲೋಯ್ತದೆ?"

ತಂಗಿ ನನ್ನ ಮುಖ ನೋಡಿದಳು. ಪೋಲಿಯೊ ಅವಳಿಗೆ ಗೊತ್ತು, ಐದು ಕಾಯಿಲೆಗೆ ಒಂದೇ ಸೂಜಿಯಾದ ಪೆಂಟಾ ಕೇಳಿದ್ದಾಳೆ. ಕಾರ್ಡಿನಲ್ಲಿದ್ದ ಪಿಸಿವಿ, ಅಂದರೆ ನ್ಯುಮೋಕಾಕಲ್ ಕಾಂಜುಗೇಟ್ ವ್ಯಾಕ್ಸಿನ್, ಮಾತ್ರ ಹೊಸದು. "ನ್ಯುಮೋನಿಯಾಗಂತೆ ಅಕ್ಕ. ಇದನ್ನ ಹಾಕಿಸ್ಲೇಬೇಕಾ? ಒಂದ್ ಆರು ತಿಂಗಳಾದ ಮೇಲೆ ಹಾಕ್ಸಿದ್ರೆ ಆಗಲ್ವಾ?"

ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. 2018ರಲ್ಲಿ ನನ್ನ ಮಗಳು ಹುಟ್ಟಿದಾಗ ನಾನು ಕೇಳಿದ್ದೂ ಇದೇ ಪ್ರಶ್ನೆ. ಆಗ ಈ ಲಸಿಕೆ ನಮ್ಮ ರಾಜ್ಯದ ಸರ್ಕಾರಿ ಕೇಂದ್ರಗಳಲ್ಲಿ ಇರಲಿಲ್ಲ. ಖಾಸಗಿಯಲ್ಲಿ ರೇಟು ಕೇಳಿ ಹಿಂದೆ ಸರಿದೆವು. ಕೊನೆಗೆ ಹಾಕಿಸಿದ್ದು ಹದಿನಾಲ್ಕು ತಿಂಗಳಿಗೆ. ಆ ವಯಸ್ಸಿಗೆ ಎರಡೇ ಡೋಸ್ ಸಾಕು ಅಂದರು. ದುಡ್ಡು ಉಳೀತು ಅಂತ ಖುಷಿಪಟ್ಟೆವು. ಮಗಳಿಗೆ ಏನೂ ಆಗಲಿಲ್ಲ. ಅದು ನಮ್ಮ ಜಾಣತನವಲ್ಲ, ಅದೃಷ್ಟ. ಯಾವ ಹದಿನಾಲ್ಕು ತಿಂಗಳಿಗಾಗಿ ಈ ಲಸಿಕೆ ಮಾಡಿದ್ದಾರೋ ಅದೇ ಹದಿನಾಲ್ಕು ತಿಂಗಳು ಅವಳಿಗೆ ಅದು ಇರಲಿಲ್ಲ.

ನಾನು ಡಾಕ್ಟರಲ್ಲ. ಓದಿದ್ದು, ಮಗಳನ್ನು ನೋಡುವ ಮಕ್ಕಳ ಡಾಕ್ಟರ ತಲೆ ತಿಂದು ತಿಳಿದುಕೊಂಡದ್ದು, ಅವತ್ತು ರಾತ್ರಿ ತಂಗಿಗೆ ಹೇಳಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೂಗಿನಲ್ಲಿ ಸುಮ್ನೆ ಕೂತಿರುವ ಕ್ರಿಮಿ

ನ್ಯುಮೋನಿಯಾ ಅಂದರೆ ಶ್ವಾಸಕೋಶಕ್ಕೆ ಸೋಂಕು ತಗಲಿ ಅಲ್ಲಿ ಕೀವು, ನೀರು ತುಂಬಿಕೊಳ್ಳುವುದು. ಅದನ್ನು ತರುವ ಕ್ರಿಮಿಗಳು ಹಲವು. ವೈರಸ್‌ಗಳೂ ಇವೆ, ಬ್ಯಾಕ್ಟೀರಿಯಾಗಳೂ ಇವೆ. ಅವುಗಳಲ್ಲಿ ಚಿಕ್ಕ ಮಕ್ಕಳ ಜೀವಕ್ಕೆ ಜಾಸ್ತಿ ಕುತ್ತು ತರುವ ಬ್ಯಾಕ್ಟೀರಿಯಾ ನ್ಯುಮೋಕಾಕಸ್. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದನ್ನು ಕಂಡುಹಿಡಿದರು. ಇಬ್ಬರಿಗೂ ಇದು ಸಿಕ್ಕಿದ್ದು ಮನುಷ್ಯರ ಎಂಜಲಿನಲ್ಲಿ.

ಎಂಜಲಿನಲ್ಲಿ ಸಿಕ್ಕಿದ್ದು ಆಶ್ಚರ್ಯವೇನಲ್ಲ. ಇದರ ಮನೆಯೇ ನಮ್ಮ ಮೂಗು, ಗಂಟಲು. ಆರಾಮಾಗಿ ಆಡಿಕೊಂಡಿರುವ ಮಕ್ಕಳಲ್ಲೂ ಇರುತ್ತದೆ. ಅಂಗನವಾಡಿಯಿಂದ ಮೂಗು ಸುರಿಸಿಕೊಂಡು ಬರುವ ಅಣ್ಣ ತೊಟ್ಟಿಲಿಗೆ ಬಗ್ಗಿ ತಮ್ಮನಿಗೆ ಒಂದು ಮುತ್ತು ಕೊಟ್ಟರೆ ಸಾಕು, ಕ್ರಿಮಿ ದಾಟುತ್ತದೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಕೆಲವು ಸಲ ಕಿವಿಯ ಒಳಗೆ ಸೇರಿ ಕಿವಿ ಸೋರುತ್ತದೆ. ಎದೆಗಿಳಿದರೆ ನ್ಯುಮೋನಿಯಾ. ರಕ್ತಕ್ಕೆ ಸೇರಿದರೆ ಇಡೀ ಮೈಗೆ ನಂಜು. ಮಿದುಳಿನ ಸುತ್ತಲ ಪೊರೆಗೆ ತಗುಲಿದರೆ ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಉರಿಯೂತ. ಈ ಕೊನೆಯದರಲ್ಲಿ ಬದುಕಿ ಉಳಿದ ಮಕ್ಕಳಲ್ಲೂ ಕೆಲವರಿಗೆ ಕಿವಿ ಕೇಳಿಸದಂತಾಗುತ್ತದೆ, ಕೆಲವರಿಗೆ ಫಿಟ್ಸ್ ಉಳಿದುಬಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ನ್ಯುಮೋಕಾಕಸ್ ಒಂದನ್ನೇ ತೆಗೆದುಕೊಂಡರೆ, 2015ರ ಅಂದಾಜು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಮಕ್ಕಳು. ಅದರಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ನಮ್ಮ ದೇಶದ್ದು.

ಹಾಗಂತ ನಿಮ್ಮ ಮಗುವಿಗೆ ಬಂದೇ ಬರುತ್ತದೆ ಅಂತಲ್ಲ. ಬರದಿರುವ ಸಾಧ್ಯತೆಯೇ ಜಾಸ್ತಿ. ಬರುವುದಾದರೆ ಯಾವಾಗ ಬರುತ್ತದೆ ಅನ್ನುವುದೇ ಇಲ್ಲಿನ ವಿಷಯ. ಮೊದಲ ಎರಡು ವರ್ಷ, ಅದರಲ್ಲೂ ಮೊದಲ ವರ್ಷ, ಅಪಾಯ ಎಲ್ಲಕ್ಕಿಂತ ಹೆಚ್ಚು. ಯಾಕೆ ಅನ್ನುವುದಕ್ಕೆ ಒಂದು ಸೊಗಸಾದ ಕಾರಣವಿದೆ.

ಜಾರುವ ಅಂಗಿ, ಗರಡಿಯ ಮಣ್ಣು

ಈ ಕ್ರಿಮಿ ಒಂದು ಅಂಗಿ ತೊಟ್ಟಿರುತ್ತದೆ. ಸಕ್ಕರೆಯ ಅಂಗಿ. ಮಂಡ್ಯದ ಮೈಶುಗರ್ ಸಕ್ಕರೆಯಲ್ಲ, ಸಕ್ಕರೆಯ ಕಣಗಳು ಸರಪಣಿಯಂತೆ ಹೆಣೆದುಕೊಂಡ ಲೋಳೆ ಪದಾರ್ಥ. ಆ ಅಂಗಿಯೇ ಅದರ ಶಕ್ತಿ. 1928ರಲ್ಲಿ ಲಂಡನ್ನಿನಲ್ಲಿ ಫ್ರೆಡರಿಕ್ ಗ್ರಿಫಿತ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಅಂಗಿ ಇದ್ದ ಕ್ರಿಮಿ ಕೊಟ್ಟ ಇಲಿ ಸತ್ತಿತು. ಅಂಗಿ ಇಲ್ಲದ್ದನ್ನು ಕೊಟ್ಟ ಇಲಿಗೆ ಏನೂ ಆಗಲಿಲ್ಲ. (ಅದೇ ಪ್ರಯೋಗದ ಜಾಡು ಹಿಡಿದು ಹೊರಟವರಿಗೆ 1944ರಲ್ಲಿ ವಂಶವಾಹಿ ಅಂದರೆ ಡಿಎನ್‌ಎ ಎಂದು ಗೊತ್ತಾಯಿತು. ಜೀವಶಾಸ್ತ್ರದ ದೊಡ್ಡ ಗುಟ್ಟೊಂದು ರಟ್ಟಾದದ್ದು ಈ ನ್ಯುಮೋನಿಯಾ ಕ್ರಿಮಿಯಿಂದ!)

ಅಂಗಿ ಏನು ಮಾಡುತ್ತದೆ? ಮೈಸೂರಿನಲ್ಲಿ ಕುಸ್ತಿ ನೋಡಿದವರಿಗೆ ಬೇಗ ತಿಳಿಯುತ್ತದೆ. ಬೆವರಿದ ಮೈ ಜಾರುತ್ತದೆ, ಹಿಡಿತ ಸಿಗುವುದಿಲ್ಲ. ಅದಕ್ಕೇ ಪೈಲ್ವಾನರು ಮಟ್ಟಿಯ ಕೆಮ್ಮಣ್ಣು ಬಾಚಿ ಎದುರಾಳಿಯ ಮೈಗೆ ಹಾಕುತ್ತಾರೆ. ನಮ್ಮ ರಕ್ತದ ಬಿಳಿ ಕಣಗಳಿಗೂ ಇದೇ ಪಾಡು. ನ್ಯುಮೋಕಾಕಸ್ ಕೈಗೆ ಸಿಕ್ಕರೂ ಜಾರಿಕೊಳ್ಳುತ್ತದೆ. ಅದರ ಅಂಗಿಗೆ ಅಂಟಿಕೊಂಡು ಹಿಡಿತ ಕೊಡುವ ಕೆಮ್ಮಣ್ಣೇ ಆ್ಯಂಟಿಬಾಡಿ, ಪ್ರತಿಕಾಯ. ಮಣ್ಣು ಬಿದ್ದರೆ ಬಿಳಿ ಕಣ ಹಿಡಿದು ನುಂಗಿಬಿಡುತ್ತದೆ.

ಎರಡು ವರ್ಷದೊಳಗಿನ ಮಗುವಿಗೆ ಈ ಮಣ್ಣು ಸರಿಯಾಗಿ ತಯಾರಿಸಲು ಬರುವುದಿಲ್ಲ. ಸಕ್ಕರೆಯ ಸರಪಣಿ ಕಂಡರೆ ಅದರ ಮೈಗೆ ಶತ್ರು ಅನ್ನಿಸುವುದೇ ಇಲ್ಲ. ತಾಯಿಯಿಂದ ಹೊಟ್ಟೆಯಲ್ಲೇ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕಾಯುತ್ತವೆ, ಆಮೇಲೆ ಕರಗುತ್ತವೆ. ತಾಯಿಯದ್ದು ಮುಗಿದು ಸ್ವಂತದ್ದು ಬರುವ ತನಕ ಒಂದು ಖಾಲಿ ಕಾಲ. ಕ್ರಿಮಿಗೆ ಬೇಕಾದದ್ದು ಅದೇ.

ಮೊದಲು ಬಂದ ಲಸಿಕೆಗಳು ಸೋತದ್ದೂ ಇಲ್ಲೇ. ಈ ಕ್ರಿಮಿಯ ಅಂಗಿಯಲ್ಲಿ ಹಲವು ಬಗೆ; 1983ರಲ್ಲಿ ಬಂದ, 23 ಬಗೆಗಳ ವಿರುದ್ಧದ ಲಸಿಕೆಯಲ್ಲಿ ಇದ್ದದ್ದು ಬರೀ ಸಕ್ಕರೆಯ ಅಂಗಿ. ವಯಸ್ಸಾದವರಿಗೆ ಅದನ್ನು ಈಗಲೂ ಹಾಕುತ್ತಾರೆ. ಆದರೆ ಎಳೆ ಮಕ್ಕಳಿಗೆ ಹಾಕಿದರೆ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಆಮೇಲೆ ಹೊಳೆದ ಉಪಾಯವನ್ನು ನಮ್ಮ ಭಾಷೆಯಲ್ಲಿ ಒಂದೇ ಪದದಲ್ಲಿ ಹೇಳಬಹುದು: ವಶೀಲಿ. ತಾಲ್ಲೂಕು ಆಫೀಸಿನಲ್ಲಿ ಯಾರೂ ತಿರುಗಿ ನೋಡದ ಅರ್ಜಿ, ಗುರುತಿನವರೊಬ್ಬರು ಜೊತೆಗೆ ಬಂದರೆ ಟೇಬಲ್ಲಿನಿಂದ ಟೇಬಲ್ಲಿಗೆ ಓಡುತ್ತದಲ್ವಾ? ಹಾಗೇ ಇದು. ಮಗುವಿನ ಮೈಗೆ ಸಕ್ಕರೆ ಗುರುತಿಲ್ಲ, ಆದರೆ ಪ್ರೋಟೀನು ಕಂಡರೆ ಆರು ವಾರದ ಕೂಸೂ ಎಚ್ಚೆತ್ತುಕೊಳ್ಳುತ್ತದೆ. ಸಕ್ಕರೆಯ ತುಂಡನ್ನು ಒಂದು ನಿರಪಾಯಕಾರಿ ಪ್ರೋಟೀನಿಗೆ ಗಂಟು ಹಾಕಿದರು. ಪ್ರೋಟೀನನ್ನು ಹಿಡಿಯಲು ಬಂದ ಕಣಗಳು ಜೊತೆಗಿದ್ದ ಸಕ್ಕರೆಯ ಗುರುತನ್ನೂ ನೆನಪಿಟ್ಟುಕೊಂಡವು. ಕಾಂಜುಗೇಟ್ ಅಂದರೆ ಇದೇ, ಗಂಟು ಹಾಕಿದ್ದು. ಪಿಸಿವಿಯಲ್ಲಿ ನಡುವಿನ 'ಸಿ' ಅದರದ್ದು. ಇಂಥ ಮೊದಲ ಲಸಿಕೆ, 7 ಬಗೆಯದ್ದು, ಅಮೆರಿಕದಲ್ಲಿ 2000ದಲ್ಲಿ ಬಂತು.

ಇಷ್ಟು ಕಷ್ಟಪಟ್ಟು ಈ ಲಸಿಕೆ ಮಾಡಿದ್ದೇ ಮಗು ಚಿಕ್ಕದಾಗಿದ್ದಾಗ ಕೊಡಲಿ ಎಂದು. "ದಪ್ಪಾಗ್ಲಿ ತಡಿ" ಅನ್ನುವುದು, ಮಳೆ ನಿಂತ ಮೇಲೆ ಛತ್ರಿ ತರೋಣ ಅಂದ ಹಾಗೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಿಗೂ ಹುಟ್ಟಿದ ದಿನದಿಂದಲೇ ಎಣಿಸಿ ಆರು ವಾರಕ್ಕೆ ಹಾಕುತ್ತಾರೆ. ಅಂಥವರಿಗೆ ಅಪಾಯ ಇನ್ನೂ ಜಾಸ್ತಿ. ಹೃದಯದ ತೊಂದರೆ ಇರುವವರು, ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳು, ಇವರಿಗಂತೂ ತಪ್ಪಿಸಲೇಬಾರದು.

ಸರ್ಕಾರಿಯೋ, ದುಡ್ಡು ಕೊಟ್ಟೋ

ಮೈಸೂರಿನ ನಮ್ಮ ಬೀದಿಯಲ್ಲಿ ತಾಯಂದಿರು ಸೇರಿದರೆ ಹಾಕಿಸಬೇಕೋ ಬೇಡವೋ ಅನ್ನುವುದಕ್ಕಿಂತ ಎಲ್ಲಿ ಹಾಕಿಸಬೇಕು ಅನ್ನುವ ಚರ್ಚೆಯೇ ಜಾಸ್ತಿ. ಇದರಲ್ಲಿ ಸ್ವಲ್ಪ ಪ್ರತಿಷ್ಠೆಯೂ ಸೇರಿಕೊಂಡಿದೆ, ಬಿಡಿ.

ಕೇಂದ್ರ ಸರ್ಕಾರ 2017ರಲ್ಲಿ ಹಿಮಾಚಲ ಪ್ರದೇಶ, ಬಿಹಾರ, ಉತ್ತರ ಪ್ರದೇಶಗಳಿಂದ ಶುರು ಮಾಡಿ 2021ರಲ್ಲಿ ಪಿಸಿವಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ಈಗ ಎಲ್ಲ ಸರ್ಕಾರಿ ಕೇಂದ್ರಗಳಲ್ಲೂ ಉಚಿತ. ಮೂರು ಡೋಸ್: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಬೂಸ್ಟರ್. ಖಾಸಗಿ ಮಕ್ಕಳ ಡಾಕ್ಟರುಗಳು ಸಾಮಾನ್ಯವಾಗಿ ನಾಲ್ಕು ಕೊಡುತ್ತಾರೆ. ಆರು, ಹತ್ತು, ಹದಿನಾಲ್ಕು ವಾರ, ಆಮೇಲೆ ವರ್ಷ ತುಂಬಿದ ಮೇಲೆ ಬೂಸ್ಟರ್.

ಸರ್ಕಾರದವರು ಒಂದು ಡೋಸ್ ನುಂಗಿ ಹಾಕಿದರು ಅಂದುಕೊಳ್ಳಬೇಡಿ. ಎರಡು ಮತ್ತು ಒಂದು ಬೂಸ್ಟರ್ ಎನ್ನುವ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. ಎಷ್ಟೋ ಶ್ರೀಮಂತ ದೇಶಗಳಲ್ಲೂ ಮೂರೇ.

ಇನ್ನು ಬ್ರ್ಯಾಂಡಿನ ಮಾತು. ನ್ಯುಮೋಕಾಕಸ್‌ನ ಅಂಗಿಗಳಲ್ಲಿ 100ಕ್ಕೂ ಹೆಚ್ಚು ಬಗೆ ಇವೆ. ಎಲ್ಲದಕ್ಕೂ ಲಸಿಕೆ ಮಾಡಲು ಆಗುವುದಿಲ್ಲ, ಜಾಸ್ತಿ ಕಾಡುವವನ್ನು ಆರಿಸುತ್ತಾರೆ. ಫೈಜರ್ ಕಂಪನಿಯ ಪ್ರೆವೆನಾರ್‌ನಲ್ಲಿ 13 ಬಗೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರ ಕೊನೆಗೆ ಬಿಡುಗಡೆ ಮಾಡಿದ, ಸರ್ಕಾರಿ ಕೇಂದ್ರಗಳಲ್ಲಿ ಹಾಕುವ ನ್ಯುಮೋಸಿಲ್‌ನಲ್ಲಿ 10. ಆ ಹತ್ತೂ ಹದಿಮೂರರ ಒಳಗೇ ಬರುತ್ತವೆ. ನ್ಯುಮೋಸಿಲ್‌ನಲ್ಲಿ ಇಲ್ಲದವು 3, 4 ಮತ್ತು 18ಸಿ ಎಂಬ ಮೂರು. ಅದರಲ್ಲಿ 3ನೇ ಬಗೆಯ ಮೇಲೆ 13ರ ಲಸಿಕೆಯೂ ಅಷ್ಟೇನೂ ಗಟ್ಟಿಯಾಗಿ ಕೆಲಸ ಮಾಡುವುದಿಲ್ಲ. 6ಬಿ, 14, 19ಎ, 19ಎಫ್, 23ಎಫ್ ಎಂಬ ಕುಖ್ಯಾತರೆಲ್ಲ ಎರಡರಲ್ಲೂ ಇದ್ದಾರೆ.

13ರದ್ದು ಖಾಸಗಿಯಲ್ಲಿ ಒಂದು ಡೋಸಿಗೆ ಮೂರೂವರೆ-ನಾಲ್ಕು ಸಾವಿರದ ಆಸುಪಾಸು. ನಾಲ್ಕಕ್ಕೆ ಲೆಕ್ಕ ಹಾಕಿ. ಅನುಕೂಲ ಇದ್ದವರು ಹಾಕಿಸಲಿ, ತಪ್ಪೇನಿಲ್ಲ. ಆದರೆ ಆ ದುಡ್ಡು ಹೊಂದಿಸಲು ಎರಡು ತಿಂಗಳು ಕಾಯುವುದಿದ್ದರೆ ಅದು ನಷ್ಟದ ವ್ಯಾಪಾರ. ಸಮಯಕ್ಕೆ ಸರಿಯಾಗಿ ಬಿದ್ದ ಹತ್ತರ ಲಸಿಕೆ, ತಡವಾಗಿ ಬಿದ್ದ ಹದಿಮೂರಕ್ಕಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ. ಮೈಸೂರಿನ ಒಂದು ಕ್ಲಿನಿಕ್ಕಿನಲ್ಲಿ ನನ್ನ ಗೆಳತಿಗೆ ರೇಟು ಹೇಳಿದರೇ ಹೊರತು, ಪಿಸಿವಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಸಿಗುತ್ತದೆ ಅಂತ ಯಾರೂ ಹೇಳಲಿಲ್ಲ. ಅವಳು ಸಂಬಳದ ದಿನ ಕಾಯುತ್ತಾ ಕೂತಿದ್ದಳು. ನನಗೆ ಈಗಲೂ ಅದು ಸಿಟ್ಟಿನ ವಿಷಯ.

ಒಂದು ಕಡೆ ಶುರು ಮಾಡಿ ಇನ್ನೊಂದು ಕಡೆ ಮುಂದುವರಿಸಬಹುದಾ? ಆದಷ್ಟೂ ಒಂದೇ ಬ್ರ್ಯಾಂಡಿನಲ್ಲಿ ಮುಗಿಸುವುದು ಒಳ್ಳೆಯದು. ಆಗದಿದ್ದರೆ ಸಿಕ್ಕಿದ್ದರಲ್ಲಿ ಮುಗಿಸಿ, ಅರ್ಧಕ್ಕೆ ಬಿಡಬೇಡಿ. ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಸರ್ಕಾರಿ ಕೇಂದ್ರದಲ್ಲಿ ಮೊದಲ ಡೋಸ್ ಒಂದು ವರ್ಷ ತುಂಬುವುದರೊಳಗೆ ಬಿದ್ದಿರಬೇಕು. ಅದು ದಾಟಿದರೆ ಖಾಸಗಿಯೇ ಗತಿ. ಒಂದರಿಂದ ಎರಡು ವರ್ಷದೊಳಗೆ ಎರಡು ಡೋಸ್, ಎರಡು ದಾಟಿದರೆ ಒಂದು.

ಒಂದೇ ದಿನ ಮೂರು ಸೂಜಿ

ಗುರುವಾರ ಬೆಳಿಗ್ಗೆ ಹೋದೆವು. ಅಜ್ಜಿಯೂ ಬಂದರು, ಕಾವಲಿಗೆ. ಬಾಯಿಗೆ ಪೋಲಿಯೊ ಹನಿ, ಭೇದಿ ತಡೆಯುವ ರೋಟಾ ಹನಿ. ಎಡ ತೊಡೆಗೆ ಪೆಂಟಾ. ಬಲ ತೊಡೆಗೆ ಪಿಸಿವಿ, ಅರ್ಧ ಎಂಎಲ್. ಬಲ ತೋಳಿಗೆ ಪೋಲಿಯೊದ ಪುಟ್ಟ ಸೂಜಿ. ಎಲ್ಲ ಸೇರಿ ಒಂದೆರಡು ನಿಮಿಷ. ಮಗು ಕಿರುಚಿತು, ತಂಗಿ ಎದೆಗೆ ಹಾಕಿಕೊಂಡಳು, ಸುಮ್ಮನಾಯಿತು. ಯಾವ ತೊಡೆಗೆ ಯಾವುದು ಅಂತ ನಿಗದಿ ಇರುವುದು ಸುಮ್ನೆ ಅಲ್ಲ. ಊತ ಬಂದರೆ ಯಾವುದರಿಂದ ಬಂತು ಅಂತ ಗೊತ್ತಾಗಲಿ ಎಂದು. "ಅರ್ಧ ಗಂಟೆ ಇಲ್ಲೇ ಕೂತಿರಿ" ಅಂದರು ಸಿಸ್ಟರ್. ಕೂತೆವು.

ಇಷ್ಟೊಂದು ಒಟ್ಟಿಗೆ ತಡೆಯುತ್ತಾ ಅನ್ನುವ ಭಯ ಸಹಜ. ಆದರೆ ಮಗು ಒಮ್ಮೆ ನೆಲಕ್ಕೆ ಬಿಟ್ಟ ಗಿಲಕಿಯನ್ನು ಎತ್ತಿ ಬಾಯಿಗಿಟ್ಟುಕೊಂಡರೆ ಒಳಗೆ ಹೋಗುವ ಹೊಸ ಕ್ರಿಮಿಗಳ ಮುಂದೆ ಈ ಮೂರು ಸೂಜಿ ಏನೂ ಅಲ್ಲ. ಪಿಸಿವಿಯಲ್ಲಿ ಜೀವಂತ ಕ್ರಿಮಿ ಇಲ್ಲವೇ ಇಲ್ಲ, ಅಂಗಿಯ ಚೂರುಗಳು ಮತ್ತು ಅವಕ್ಕೆ ಗಂಟು ಹಾಕಿದ ಆ ಪ್ರೋಟೀನು ಮಾತ್ರ. ಹಾಗಾಗಿ ಲಸಿಕೆಯಿಂದಲೇ ನ್ಯುಮೋನಿಯಾ ಬರಲು ಸಾಧ್ಯವಿಲ್ಲ.

ಬರುವುದೇನು? ಸೂಜಿ ಹಾಕಿದ ಜಾಗ ಕೆಂಪಾಗುವುದು, ಮುಟ್ಟಿದರೆ ಅಳುವುದು, ಮೈ ಬಿಸಿ, ರಗಳೆ, ಜಾಸ್ತಿ ನಿದ್ದೆ. ಒಂದೆರಡು ದಿನದಲ್ಲಿ ಹೋಗುತ್ತದೆ. ಜ್ವರ ಬರುವ ಮೊದಲೇ ಪ್ಯಾರಾಸಿಟಮಾಲ್ ಕುಡಿಸಬೇಡಿ. ಬಂದು, ಮಗು ಸಂಕಟಪಡುತ್ತಿದ್ದರೆ, ತೂಕ ನೋಡಿ ಡಾಕ್ಟರು ಹೇಳಿದಷ್ಟು ಹನಿ. ಊತದ ಮೇಲೆ ಅರಿಶಿನ, ಎಣ್ಣೆ, ಉಜ್ಜುವುದು ಯಾವುದೂ ಬೇಡ. ಗಂಭೀರ ಅಲರ್ಜಿ ತೀರಾ ಅಪರೂಪ. ಅದು ಆಗುವುದಾದರೆ ಸಾಮಾನ್ಯವಾಗಿ ಬೇಗನೇ ಆಗುತ್ತದೆ, ಆ ಅರ್ಧ ಗಂಟೆ ಅದಕ್ಕೇ. ಹಿಂದಿನ ಡೋಸಿಗೆ ಅಥವಾ ಪೆಂಟಾಕ್ಕೆ ಅಂಥ ಅಲರ್ಜಿ ಆಗಿದ್ದರೆ ಮಾತ್ರ ಮುಂದಿನದ್ದು ಬೇಡ. ಸಣ್ಣ ನೆಗಡಿಗೆ ಮುಂದೂಡಬೇಕಿಲ್ಲ. ಜ್ವರ ಜೋರಾಗಿದ್ದರೆ ಇಳಿಯುವ ತನಕ ಕಾಯಬಹುದು.

ಸೂಜಿಯ ಭಯ ನಮ್ಮ ಊರಿಗೆ ಹೊಸದೂ ಅಲ್ಲ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬಿಡಿಸಿದ ಮೈಸೂರು ರಾಣಿಯರ ಒಂದು ಚಿತ್ರವಿದೆ. ಅದರಲ್ಲಿ ಒಬ್ಬರು ಸೀರೆ ಸರಿಸಿ ತೋಳು ತೋರಿಸುತ್ತಿದ್ದಾರೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ತೋರಿಸಿ ಜನರ ಭಯ ಬಿಡಿಸಲು ಈ ಚಿತ್ರ ಬರೆಸಿದ್ದು ಅನ್ನುವುದು ಇತಿಹಾಸಕಾರರೊಬ್ಬರ ವಾದ. ಅಜ್ಜಿಗೆ ಇದನ್ನು ಹೇಳಿದೆ. "ರಾಣೀರ್ಗೆ ಒಂದೇ ಸೂಜಿ ತಾನೆ?" ಅಂದರು.

ಅಜ್ಜಿ ಕೊನೆಗೂ ಕಿವಿಗೊಟ್ಟದ್ದು ಬೇರೆ ಮಾತಿಗೆ. ಅಮೆರಿಕದಲ್ಲಿ ಮಕ್ಕಳಿಗೆ ಈ ಲಸಿಕೆ ಶುರುವಾದ ಮೇಲೆ, ಲಸಿಕೆ ಹಾಕಿಸಿಕೊಳ್ಳದ ಮುದುಕರಲ್ಲೂ ಆ ಬಗೆಗಳ ಕಾಯಿಲೆ ಇಳಿಯಿತು. ಮೊಮ್ಮಕ್ಕಳ ಮೂಗಿನಲ್ಲಿ ಕ್ರಿಮಿ ಕಡಿಮೆಯಾಗಿ ಅಜ್ಜ ಅಜ್ಜಿಯರಿಗೆ ದಾಟುವುದೂ ಕಡಿಮೆಯಾಯಿತು. "ಅಂದ್ರೆ ನಂಗೂ ಒಳ್ಳೇದೇ ಅನ್ನು" ಎಂದರು. ಬೇರೆ ಬಗೆಗಳು ಖಾಲಿ ಜಾಗಕ್ಕೆ ಬಂದು ಕೂರುವುದೂ ಉಂಟು. ಅಮೆರಿಕದಲ್ಲಿ 7ರ ಲಸಿಕೆಯ ನಂತರ 19ಎ ತಲೆ ಎತ್ತಿತು. 2010ರಲ್ಲಿ ಬಂದ 13ರ ಲಸಿಕೆಗೆ ಅದನ್ನೂ ಸೇರಿಸಿದರು.

ಸಾಂಬ್ರಾಣಿ ಹೊಗೆ ಮತ್ತು ಉಸಿರಿನ ಲೆಕ್ಕ

ಪಿಸಿವಿ ಹಾಕಿಸಿದ ಮೇಲೂ ಮಗುವಿಗೆ ನೆಗಡಿ ಬರುತ್ತದೆ, ಕೆಮ್ಮು ಬರುತ್ತದೆ. ಬೇರೆ ಕ್ರಿಮಿಯಿಂದ ನ್ಯುಮೋನಿಯಾವೂ ಬರಬಹುದು. "ಹಾಕಿಸಿ ಏನು ಬಂತು?" ಎಂದು ಕೇಳುವವರಿಗೆ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು. ಇದು ಒಂದು ಕ್ರಿಮಿಯ, ಅದರಲ್ಲೂ ಕೆಟ್ಟ ಬಗೆಗಳ ಬಾಗಿಲು ಮುಚ್ಚುತ್ತದೆ, ಅಷ್ಟೇ. ಉಳಿದ ಬಾಗಿಲು ಮನೆಯವರದ್ದು.

ನಮ್ಮ ಕಡೆ ದೊಡ್ಡ ಬಾಗಿಲು ಹೊಗೆ. ಮಗುವಿಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಕೂಸನ್ನು ಅದರ ಮೇಲೆ ಹಿಡಿಯುತ್ತಾರಲ್ಲ, ಆ ಹೊಗೆ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸೌದೆ ಒಲೆ, ಬೀಡಿ, ಸೊಳ್ಳೆ ಬತ್ತಿ ಎಲ್ಲ ಅದೇ ಸಾಲಿನವು. ಮೂಗಿಗೆ ಎಣ್ಣೆ ಬಿಡುವುದು ಇನ್ನೂ ಕೆಟ್ಟದ್ದು. ಎಣ್ಣೆ ಶ್ವಾಸಕೋಶಕ್ಕಿಳಿದು ಬೇರೆಯೇ ಥರದ ನ್ಯುಮೋನಿಯಾ ಆಗಬಹುದು. ಆರು ತಿಂಗಳು ಬರೀ ಎದೆಹಾಲು ಕೊಟ್ಟರೆ ಅದೂ ಒಂದು ರಕ್ಷೆ. ಕೆಮ್ಮಿಗೆಲ್ಲ ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ಸಿರಪ್ ತಂದು ಹಾಕುವ ಅಭ್ಯಾಸವೂ ಬೇಡ. ಈ ಕ್ರಿಮಿ ಆಗಲೇ ಹಲವು ಔಷಧಿಗಳಿಗೆ ಬಗ್ಗದಂತಾಗಿದೆ.

ಕೆಮ್ಮು ಜ್ವರ ಬಂದಾಗ ಮಗು ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೇದಿದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರಬೇಡಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ, ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ.

ಅವತ್ತು ರಾತ್ರಿ ಮಗುವಿಗೆ ಮೈ ಸ್ವಲ್ಪ ಬಿಸಿಯಾಯಿತು, ಎರಡು ಸಲ ಎದ್ದು ಅತ್ತಿತು. ಬೆಳಿಗ್ಗೆ ಸರಿಹೋಯಿತು. ಹತ್ತನೇ ವಾರ ಪಿಸಿವಿ ಇಲ್ಲ, ಪೆಂಟಾ ಒಂದೇ ಸೂಜಿ. ಹದಿನಾಲ್ಕಕ್ಕೆ ಮತ್ತೆ ಮೂರು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ, ಪಿಸಿವಿ ಬೂಸ್ಟರ್, ಪೋಲಿಯೊ ಇವುಗಳ ಜೊತೆ ಸೊಳ್ಳೆಯಿಂದ ಬರುವ ಮಿದುಳು ಜ್ವರ ಜಪಾನೀಸ್ ಎನ್ಸೆಫಲೈಟಿಸ್‌ನದ್ದೂ ಸೇರಿ ನಾಲ್ಕು. ಗದ್ದೆ ಬಯಲಿನ ಮಂಡ್ಯಕ್ಕೆ ಆ ಕಾಯಿಲೆ ಹಳೆಯ ನೆಂಟ. ತಂಗಿ ಆ ಹೊತ್ತಿಗೆ ಗಂಡನ ಮನೆಗೆ ಹೋಗಿರುತ್ತಾಳೆ. ಅಲ್ಲಿನ ಕೇಂದ್ರಕ್ಕೂ ಇದೇ ಕಾರ್ಡ್ ನಡೆಯುತ್ತದೆ ಎಂದು ಸಿಸ್ಟರ್ ಹೇಳಿದ್ದಾರೆ. ನಾಲ್ಕು ಸೂಜಿಯ ಸುದ್ದಿಯನ್ನು ಅಜ್ಜಿಗೆ ಇನ್ನೂ ಹೇಳಿಲ್ಲ.